ಹೆಚ್ಚು ಹಿಡಿತದ ಟೈರ್ ಬೇಕೆನ್ನುವವರಿಗೆ: ವೇಗದ ಪಿಕಪ್ ಓಡಿಸುವ ಅಮೆರಿಕದ ಕನ್ನಡಿಗರಿಗೊಂದು ಬಹಿರಂಗ ಪತ್ರ



ನೀವಿರುವುದು ಡಲ್ಲಾಸ್‌ನಲ್ಲಾಗಲಿ, ಡೆಟ್ರಾಯಿಟ್‌ನಲ್ಲಾಗಲಿ, ಬೇ ಏರಿಯಾದಲ್ಲಾಗಲಿ, ನಿಮ್ಮ ಗ್ಯಾರೇಜಿನಲ್ಲಿ ಮಾಮೂಲಿ ಪಿಕಪ್ ಇಲ್ಲ. 1999ರಿಂದ 2004ರವರೆಗೆ ತಯಾರಾದ ಫೋರ್ಡ್ ಎಸ್‌ವಿಟಿ ಎಫ್-150 ಲೈಟ್ನಿಂಗ್ ಇದೆ, ಇಲ್ಲವೇ ವೈಪರ್ ಕಾರಿನ ವಿ-10 ಎಂಜಿನ್ ಹೊತ್ತ ಡಾಡ್ಜ್ ರ‍್ಯಾಮ್ ಎಸ್‌ಆರ್‌ಟಿ-10 ಇದೆ, ಇಲ್ಲವೇ ಈಚಿನ ಎಲೆಕ್ಟ್ರಿಕ್ ಪಿಕಪ್ ಇದೆ. ಇಂಥ ಗಾಡಿ ಕೊಂಡವರ ಬಾಯಲ್ಲಿ ಬೇಗನೆ ಬರುವ ಪ್ರಶ್ನೆ ಒಂದೇ: ರಸ್ತೆಗೆ ಇನ್ನೂ ಚೆನ್ನಾಗಿ ಅಂಟಿಕೊಳ್ಳುವ ಟೈರ್ ಯಾವುದು? ಆಕ್ಸಿಲರೇಟರ್ ಒತ್ತಿದಾಗ ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರನೆ ಸುತ್ತುವುದನ್ನು ಕಂಡವರಿಗೆ ಈ ಪ್ರಶ್ನೆ ಸಹಜ. ಆಸೆಯಲ್ಲಿ ತಪ್ಪೇನೂ ಇಲ್ಲ. ಈ ಟ್ರಕ್ಕುಗಳಿಗೆ ಒಳ್ಳೆಯ ಟೈರ್ ಬೇಕೇ ಬೇಕು. ನನ್ನ ತಕರಾರು ಪ್ರಶ್ನೆ ಕೇಳುವ ಕ್ರಮದ ಬಗ್ಗೆ. ಅಂಟು ಎಷ್ಟು ಎಂದು ಕೇಳುವ ಮುನ್ನ ಟೈರ್ ಎಷ್ಟು ಭಾರ ಹೊರುತ್ತದೆ, ಯಾವ ಚಳಿಯವರೆಗೆ ಮೆತ್ತಗಿರುತ್ತದೆ, ಮಳೆನೀರನ್ನು ಹೇಗೆ ಹೊರಗೆ ತಳ್ಳುತ್ತದೆ, ಯಾವ ವರ್ಷ ತಯಾರಾಯಿತು ಎಂದು ಕೇಳಬೇಕು. ಈ ನಾಲ್ಕಕ್ಕೂ ಸರಿಯಾದ ಉತ್ತರ ಕೊಡುವ ಟೈರುಗಳಲ್ಲಿ ಹೆಚ್ಚು ಹಿಡಿತದ್ದನ್ನು ಆರಿಸಿ, ನಾಲ್ಕೂ ಚಕ್ರಗಳಿಗೆ ಒಂದೇ ಬಗೆಯದನ್ನು ಹಾಕಬೇಕು. ಹೀಗೆ ಸೋಸಿದರೆ ರಸ್ತೆಗೆ ಉಳಿಯುವುದು ಒಳ್ಳೆಯ ದರ್ಜೆಯ ಸಮ್ಮರ್ ಟೈರ್. ನೇರ ಓಟದ ಡ್ರ್ಯಾಗ್ ರೇಸಿಗೆಂದು ಮಾಡಿದ ಅತಿ ಅಂಟಿನ ಟೈರ್, ಅಂದರೆ ಡ್ರ್ಯಾಗ್ ರೇಡಿಯಲ್, ಉಳಿಯುವುದಿಲ್ಲ. ಹಾಗೇಕೆ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಲೈಟ್ನಿಂಗನ್ನೇ ತೆಗೆದುಕೊಳ್ಳಿ. 5.4 ಲೀಟರಿನ ವಿ-8 ಎಂಜಿನ್, ಅದರ ಮೇಲೆ ಸೂಪರ್‌ಚಾರ್ಜರ್. 2001ರಿಂದ ಅದರ ಶಕ್ತಿ 380 ಅಶ್ವಶಕ್ತಿ, ಟಾರ್ಕ್ 450 ಪೌಂಡ್-ಅಡಿ, ಅಂದರೆ ಸುಮಾರು 610 ನ್ಯೂಟನ್-ಮೀಟರ್. ಮೊದಲ ಗೇರಿನ ಅನುಪಾತ 2.71, ಹಿಂದಿನ ಆಕ್ಸಲ್‌ನದು 3.73. ಕಂಪನಿ ಕೊಟ್ಟ ಟೈರ್ 295/45ಆರ್18. ಅದರ ಅರ್ಧವ್ಯಾಸ ಸುಮಾರು 36 ಸೆಂಟಿಮೀಟರ್. ಇವನ್ನೆಲ್ಲ ಗುಣಿಸಿ ಭಾಗಿಸಿ, ಗೇರು ಆಕ್ಸಲ್‌ಗಳ ಘರ್ಷಣೆಯಲ್ಲಿ ಶೇ 15ರಷ್ಟು ಹೋಯಿತೆಂದು ಬಿಟ್ಟರೂ, ಮೊದಲ ಗೇರಿನಲ್ಲಿ ಹಿಂದಿನ ಚಕ್ರಗಳು ರಸ್ತೆಯನ್ನು ಹಿಂದಕ್ಕೆ ತಳ್ಳಬಲ್ಲ ಬಲ ಟ್ರಕ್ಕಿನ ತೂಕದ ಸುಮಾರು ಶೇ 70ರಷ್ಟಾಗುತ್ತದೆ. ಇನ್ನು ರಸ್ತೆ ಎಷ್ಟನ್ನು ತಡೆದುಕೊಳ್ಳುತ್ತದೆ ನೋಡೋಣ. ಟ್ರಕ್ಕಿನ ತೂಕ ಸುಮಾರು 2,100 ಕಿಲೋ. ಎಂಜಿನ್ ಮುಂದಿದೆ, ಹಿಂದಿನ ತೊಟ್ಟಿ ಖಾಲಿ ಇದೆ. ಹಾಗಾಗಿ ತೂಕದ ಶೇ 43 ಮಾತ್ರ ಹಿಂದಿನ ಆಕ್ಸಲ್ ಮೇಲಿದೆಯೆಂದೂ ಗುರುತ್ವ ಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. ಗಾಡಿ ಮುನ್ನುಗ್ಗಿದಾಗ ಹಿಂದಕ್ಕೆ ವಾಲುವ ಭಾರವನ್ನೂ ಸೇರಿಸಿದರೆ, ಒಣ ರಸ್ತೆಯಲ್ಲಿ 0.9ರ ಘರ್ಷಣಾಂಕ ಕೊಡುವ ಒಳ್ಳೆಯ ಟೈರ್ ತೂಕದ ಶೇ 49ರಷ್ಟು ಬಲವನ್ನು ತಡೆಯುತ್ತದೆ. ಘರ್ಷಣಾಂಕ 1.1ಕ್ಕೇರಿದರೆ ಶೇ 63. ಒದ್ದೆಯಲ್ಲೋ ಚಳಿಯಲ್ಲೋ 0.7ಕ್ಕಿಳಿದರೆ ಶೇ 36.

ಈ ಮೂರು ಅಂಕಿಗಳನ್ನು ಎಂಜಿನ್ನಿನ ಅಂಕಿಯ ಪಕ್ಕದಲ್ಲಿಡಿ. ಮೊದಲ ಗೇರಿನಲ್ಲಿ ಎಂಜಿನ್ ಕೊಡುವುದು ಶೇ 70. 1.1ರ ಘರ್ಷಣಾಂಕದ ಅಂಟಿನ ಟೈರ್ ತಡೆಯುವುದು ಶೇ 63. ಅಂದರೆ ಅಂಥ ಅಂಟಿನ ಟೈರ್ ಹಾಕಿದರೂ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಚಕ್ರ ಜಾರುವುದೇ. ಎರಡನೇ ಗೇರಿನ ಅನುಪಾತ 1.54, ಅಲ್ಲಿ ಎಂಜಿನ್ ಕೊಡುವುದು ಸುಮಾರು ಶೇ 40. ಒಣ ರಸ್ತೆಯಲ್ಲಿ ಮಾಮೂಲಿ ಒಳ್ಳೆಯ ಟೈರ್ ಶೇ 49 ತಡೆಯುವುದರಿಂದ ಅದು ಸಲೀಸಾಗಿ ನಿಭಾಯಿಸುತ್ತದೆ. ಆದರೆ ಒದ್ದೆ ರಸ್ತೆಯ ಶೇ 36ಕ್ಕೆ ಬಂದರೆ ಎರಡನೇ ಗೇರಿನಲ್ಲೂ ಹಿಂಭಾಗ ಜಾರಲು ಶುರುಮಾಡುತ್ತದೆ. ಮೊದಲ ಗೇರ್ ಗಂಟೆಗೆ 40 ಮೈಲಿ ದಾಟುವಷ್ಟರಲ್ಲಿ ಮುಗಿಯುತ್ತದೆ. ಪೂರ್ತಿ ಒತ್ತಿದರೆ ಅದು ಮೂರು ಸೆಕೆಂಡಿನ ಮಾತು. ಒಣ ರಸ್ತೆಯ ಅತಿಯಾದ ಅಂಟು ಮುಂದಕ್ಕೆ ನುಗ್ಗುವಾಗ ಉಪಯೋಗಕ್ಕೆ ಬರುವುದು ಈ ಮೂರು ಸೆಕೆಂಡಿನಲ್ಲಿ, ಅದೂ ಅರೆಬರೆಯಾಗಿ. ಒದ್ದೆಯಲ್ಲೂ ಚಳಿಯಲ್ಲೂ ಕೈಬಿಡದ ಹಿಡಿತ ಉಪಯೋಗಕ್ಕೆ ಬರುವುದು ಎರಡನೇ ಗೇರಿನಲ್ಲಿ, ಫ್ರೀವೇಗೆ ಸೇರುವ ತಿರುವಿನಲ್ಲಿ, ಎದುರಿನ ಕಾರು ತಟ್ಟನೆ ನಿಂತಾಗ. ಯಾವುದು ಹೆಚ್ಚು ಬೆಲೆಬಾಳುವ ಹಿಡಿತ ಎಂಬುದಕ್ಕೆ ನಿಮ್ಮ ಟ್ರಕ್ಕಿನ ಗೇರ್ ಅನುಪಾತಗಳೇ ಉತ್ತರ ಕೊಡುತ್ತಿವೆ.

ಬ್ರೇಕಿನ ಲೆಕ್ಕವೂ ಇದೇ ಕಡೆ ಬೆರಳು ತೋರಿಸುತ್ತದೆ. ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು, ಘರ್ಷಣಾಂಕ 0.9 ಇದ್ದರೆ ಬ್ರೇಕ್ ಹಿಡಿದ ಮೇಲೆ ಸುಮಾರು 41 ಮೀಟರ್ ಬೇಕು. 0.6 ಇದ್ದರೆ 61 ಮೀಟರ್. ನಡುವಿನ 20 ಮೀಟರ್ ಅಂದರೆ ಸಾಲಾಗಿ ನಿಂತ ನಾಲ್ಕು ಕಾರುಗಳ ಉದ್ದ. ಜೋರಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ. ಮೇಲಿನದೇ ಅಳತೆಗಳಲ್ಲಿ ಸುಮಾರು ಶೇ 78ರಷ್ಟು ಮುಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ. ಆದ್ದರಿಂದ ಹಿಂದಕ್ಕೆ ಮಾತ್ರ ದುಬಾರಿಯ ಅಂಟು ಟೈರ್ ಹಾಕಿ ಮುಂದಿನವನ್ನು ಹಾಗೇ ಬಿಡುವ ಪದ್ಧತಿ ನುಗ್ಗುವುದಕ್ಕೆ ಮಾತ್ರ ಖರ್ಚು ಮಾಡಿದಂತೆ. ನಿಲ್ಲುವುದಕ್ಕೆ ಏನೂ ಸಿಗಲಿಲ್ಲ.

ಹಿಡಿತ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ ಆಯ್ಕೆ ಇನ್ನಷ್ಟು ಸುಲಭ. ರಬ್ಬರ್ ರಸ್ತೆಯನ್ನು ಎರಡು ಬಗೆಯಲ್ಲಿ ಹಿಡಿಯುತ್ತದೆ. ಒಂದು, ಮೇಲ್ಮೈಗೆ ನೇರವಾಗಿ ಅಂಟಿಕೊಳ್ಳುವುದು. ಇನ್ನೊಂದು, ಜಲ್ಲಿಯ ಉಬ್ಬುತಗ್ಗುಗಳ ಮೇಲೆ ಹರಿಯುವಾಗ ಒತ್ತಿಕೊಂಡು ಮತ್ತೆ ನಿಧಾನವಾಗಿ ಮೊದಲಿನ ರೂಪಕ್ಕೆ ಬರುವುದು. ಆ ನಿಧಾನದಲ್ಲೇ ಶಕ್ತಿ ಶಾಖವಾಗಿ ಕಳೆದುಹೋಗಿ ಜಾರುವಿಕೆಗೆ ತಡೆ ಬೀಳುತ್ತದೆ. ಒದ್ದೆ ರಸ್ತೆಯಲ್ಲಿ ಮೊದಲನೆಯದು ತೀರ ಕಡಿಮೆಯಾಗುವುದರಿಂದ ಎರಡನೆಯದೇ ಗತಿ. ಎರಡೂ ನಡೆಯುವುದು ರಬ್ಬರ್ ತಕ್ಕಷ್ಟು ಮೆತ್ತಗಿದ್ದಾಗ. ಬೇಸಿಗೆಗೆಂದು ಮಾಡಿದ ಮಿಶ್ರಣ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಚಳಿಗಾಲದ ಬೆಳಗ್ಗೆ ಶೀಶೆಯೊಳಗಿನ ಕೊಬ್ಬರಿ ಎಣ್ಣೆಯಂತೆ ಬಿಗಿಯತೊಡಗುತ್ತದೆ. ಇನ್ನೂ ಕೊರೆಯುವ ಚಳಿಯಲ್ಲಿ ಓಡಿಸಿದರೆ ಇಂಥ ಟೈರಿನ ಟ್ರೆಡ್ ಬಿರುಕು ಬಿಡಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ. ಹಾಗಾಗಿ ಮಿಶಿಗನ್‌ನ ನವೆಂಬರ್ ಬೆಳಗ್ಗೆ, ಅಂಗಡಿಯವರು ಅತ್ಯಂತ ಅಂಟಿನದೆಂದು ಮಾರಿದ ಟೈರಿಗಿಂತ ಸಾಧಾರಣ ಆಲ್-ಸೀಸನ್ ಟೈರೇ ಮೇಲಾಗಿ ಕೆಲಸ ಮಾಡಬಹುದು. ಟೆಕ್ಸಾಸ್‌ನ ಜುಲೈನಲ್ಲಿ ಇದೇ ಮಾತು ತಿರುವುಮುರುವು. ಅಂಟಿನ ಟೈರ್ ಎಂದರೆ ಒಂದು ನಿರ್ದಿಷ್ಟ ಬಿಸಿಯಲ್ಲಿ ಮಾತ್ರ ಅಂಟುವ ಟೈರ್. ಆ ಬಿಸಿ ನಿಮ್ಮೂರಿನಲ್ಲಿ ವರ್ಷಕ್ಕೆ ಎಷ್ಟು ತಿಂಗಳು ಇರುತ್ತದೆ ಎಂಬುದೇ ಮೊದಲ ಲೆಕ್ಕ.

ಅಗಲದ ಟೈರ್ ಹಾಕಿದರೆ ಹಿಡಿತ ತಾನಾಗಿ ಏರುತ್ತದೆಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿಯಾಗಿದೆ. 2,100 ಕಿಲೋ ತೂಕದ ಟ್ರಕ್ಕು 35 ಪಿಎಸ್‌ಐ ಗಾಳಿಯ ಮೇಲೆ ನಿಂತಾಗ ಒಂದೊಂದು ಟೈರ್ ನೆಲ ಮುಟ್ಟುವ ಜಾಗ ಸರಾಸರಿ 215 ಚದರ ಸೆಂಟಿಮೀಟರ್‌ನ ಆಸುಪಾಸು. ಗಾಳಿ ಅಷ್ಟೇ ಇಟ್ಟು ಅಗಲ ಹೆಚ್ಚಿಸಿದರೆ ಈ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದು ಅಡ್ಡಕ್ಕೆ ಹರಡಿ ಉದ್ದಕ್ಕೆ ಕುಗ್ಗುತ್ತದೆ. ತಿರುವಿನಲ್ಲಿ ಇದರಿಂದ ಲಾಭವಿದೆ. ಆದರೆ ನಿಂತ ನೀರಿನ ಮೇಲೆ ಅಗಲವಾದ ಟೈರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ, ಬೇಗ ತೇಲುತ್ತದೆ. ಹಿಡಿತ ಹೆಚ್ಚುವುದು ಮುಖ್ಯವಾಗಿ ರಬ್ಬರಿನ ಮಿಶ್ರಣದಿಂದ. ಅಗಲ ಅದಕ್ಕೆ ಸಹಾಯಕ ಅಷ್ಟೇ.

ಮಿಶ್ರಣ ಎಷ್ಟು ಮೆತ್ತಗಿದೆ ಎಂದು ತಿಳಿಯಲು ಹೆಚ್ಚಿನವರು ನೋಡುವುದು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಟ್ರೆಡ್‌ವೇರ್ ಅಂಕಿಯನ್ನು. 200 ಇದ್ದರೆ ಮೆತ್ತಗೆ, 500 ಇದ್ದರೆ ಗಟ್ಟಿ ಎಂಬುದು ರೂಢಿಯ ಮಾತು. ಈ ಅಂಕಿ ಬರುವುದು ಟೆಕ್ಸಾಸ್‌ನ ಸ್ಯಾನ್ ಆಂಜೆಲೊ ಸುತ್ತಮುತ್ತ ಸಾರ್ವಜನಿಕ ರಸ್ತೆಗಳಲ್ಲೇ ಗುರುತಿಸಿರುವ 400 ಮೈಲಿಯ ಸುತ್ತಿನಲ್ಲಿ ಗಾಡಿಗಳನ್ನು 7,200 ಮೈಲಿ ಓಡಿಸಿ, ಒಂದು ಮಾದರಿ ಟೈರಿನೊಡನೆ ಸವೆತವನ್ನು ಹೋಲಿಸಿದಾಗ. ಅದು ಸವೆತದ ಅಳತೆ. ಹಿಡಿತವನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. ಅಂಕಿಯನ್ನು ಟೈರಿಗೆ ಕೊಡುವವರೂ ತಯಾರಕರೇ. ಪಕ್ಕದಲ್ಲಿರುವ ಎಎ, ಎ, ಬಿ, ಸಿ ಎಂಬ ಟ್ರ್ಯಾಕ್ಷನ್ ದರ್ಜೆ ಒದ್ದೆಯಾದ ಡಾಂಬರು ಮತ್ತು ಕಾಂಕ್ರೀಟ್ ಮೇಲೆ ಚಕ್ರ ಲಾಕ್ ಆಗಿ ನೇರಕ್ಕೆ ಜಾರುವಾಗಿನ ಹಿಡಿತವನ್ನಷ್ಟೇ ಹೇಳುತ್ತದೆ. ತಿರುವಿನ ಹಿಡಿತವಾಗಲಿ ಒಣ ರಸ್ತೆಯ ಹಿಡಿತವಾಗಲಿ ಅದರಲ್ಲಿಲ್ಲ. ಎಲ್‌ಟಿ ಎಂದು ಶುರುವಾಗುವ ಟ್ರಕ್ ಟೈರುಗಳಿಗಂತೂ ಈ ದರ್ಜೆಗಳೇ ಅನ್ವಯಿಸುವುದಿಲ್ಲ. ಆಟೋಕ್ರಾಸ್ ಕಾರು ಸ್ಪರ್ಧೆ ನಡೆಸುವ ಎಸ್‌ಸಿಸಿಎ ಸಂಸ್ಥೆ ತನ್ನ ಸ್ಟ್ರೀಟ್ ವರ್ಗಕ್ಕೆ 200ಕ್ಕಿಂತ ಕಡಿಮೆ ಅಂಕಿಯ ಟೈರ್ ಬೇಡವೆಂದು ಗೆರೆ ಎಳೆದ ಮೇಲೆ, ಸರಿಯಾಗಿ 200 ಎಂದು ಅಚ್ಚು ಹಾಕಿದ ಎಷ್ಟೋ ಟೈರುಗಳು ಬಂದವು. ಅವುಗಳ ಹಿಡಿತ ಮಾತ್ರ ಒಂದರಂತೆ ಇನ್ನೊಂದಿಲ್ಲ. ಆದ್ದರಿಂದ ಅಂಕಿಯನ್ನು ಸುಳಿವಾಗಿ ಇಟ್ಟುಕೊಳ್ಳಿ. ನಿಮ್ಮದರಷ್ಟೇ ತೂಕದ ಗಾಡಿಯ ಮೇಲೆ, ಒಣ ಮತ್ತು ಒದ್ದೆ ಎರಡೂ ರಸ್ತೆಗಳಲ್ಲಿ, ನಿಲ್ಲುವ ದೂರವನ್ನು ಅಳೆದ ಪರೀಕ್ಷೆ ಸಿಕ್ಕರೆ ಅದನ್ನು ನಂಬಿ.

ಈಗ ಭಾರದ ಮಾತು. ಸ್ಪೋರ್ಟ್ಸ್ ಕಾರಿಗೆಂದು ಮಾಡಿದ ಟೈರ್ ಅಳತೆಯಲ್ಲಿ ನಿಮ್ಮ ರಿಮ್ಮಿಗೆ ಕೂತ ಮಾತ್ರಕ್ಕೆ ನಿಮ್ಮ ಟ್ರಕ್ಕನ್ನು ಹೊರುತ್ತದೆಂದಲ್ಲ. ಲೋಡ್ ಇಂಡೆಕ್ಸ್ 108 ಅಂದರೆ ಒಂದು ಟೈರ್ 1,000 ಕಿಲೋ ಹೊರುತ್ತದೆ, 98 ಅಂದರೆ 750 ಕಿಲೋ. ಕಾರಿನ ಟೈರನ್ನು ಟ್ರಕ್ಕಿಗೆ ಹಾಕುವಾಗ ಈ ಮಿತಿಯನ್ನು 1.10ರಿಂದ ಭಾಗಿಸಬೇಕೆಂದು ಅಮೆರಿಕದ ನಿಯಮವೇ ಹೇಳುತ್ತದೆ. ಹಾಗಾಗಿ 108ರ ಎರಡು ಟೈರು ಹಿಂದಿನ ಆಕ್ಸಲ್‌ಗೆ ಕೊಡುವುದು 2,000 ಕಿಲೋ ಆಗಿರದೆ ಸುಮಾರು 1,818 ಕಿಲೋ. 98ರ ಎರಡು ಟೈರು ಕೊಡುವುದು ಬರೀ 1,364 ಕಿಲೋ. ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಹಿಂದಿನ ಆಕ್ಸಲ್‌ನ ಮಿತಿ ಬರೆದಿರುತ್ತದೆ. ಟೈರಿನ ಲೆಕ್ಕ ಅದಕ್ಕಿಂತ ಕಡಿಮೆ ಬಂದರೆ ಆ ಟೈರ್ ಎಷ್ಟೇ ಅಂಟಲಿ, ನಿಮಗಲ್ಲ. ವೇಗದ ಅಕ್ಷರವನ್ನೂ ನೋಡಿ. 2004ರಲ್ಲಿ ಎಸ್‌ಆರ್‌ಟಿ-10 ಗಂಟೆಗೆ 154 ಮೈಲಿ ದಾಟಿ ಪಿಕಪ್‌ಗಳ ದಾಖಲೆ ಬರೆಯಿತು. ‘ವಿ’ ಅಕ್ಷರದ ಟೈರಿನ ಮಿತಿ 149 ಮೈಲಿ. ಆ ವೇಗದಲ್ಲಿ ನೀವು ಓಡಿಸಬೇಕೆಂದು ನಾನು ಹೇಳುತ್ತಿಲ್ಲ. ಈ ಅಕ್ಷರ ಟೈರ್ ಎಷ್ಟು ಶಾಖ ತಡೆಯುತ್ತದೆಂಬುದರ ಗುರುತೂ ಹೌದು, ಅದಕ್ಕಾಗಿ ನೋಡಬೇಕು. ಭಾರ, ಕಡಿಮೆ ಗಾಳಿ, ಶಾಖ ಈ ಮೂರೂ ಕೂಡಿದರೆ ಏನಾಗುತ್ತದೆಂದು ಅಮೆರಿಕ 2000ದಲ್ಲಿ ಕಂಡಿತು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಫೈರ್‌ಸ್ಟೋನ್ ಟೈರುಗಳ ಟ್ರೆಡ್ ಕಿತ್ತು ಬಂದು ಗಾಡಿಗಳು ಉರುಳಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಟೈರುಗಳನ್ನು ಕಂಪನಿ ವಾಪಸ್ ಪಡೆಯಿತು. ಅದೇ ವರ್ಷ ಬಂದ ಟ್ರೆಡ್ ಕಾಯಿದೆಯಿಂದಾಗಿ ಇವತ್ತಿನ ಹೊಸ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಟೈರಿನ ಗಾಳಿ ಇಳಿದರೆ ದೀಪ ಉರಿಯುತ್ತದೆ. ಎಲೆಕ್ಟ್ರಿಕ್ ಎಫ್-150 ಲೈಟ್ನಿಂಗ್‌ನ ಮಾಲೀಕರು ಈ ಮಾತನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ನಿಮ್ಮ ಗಾಡಿ ಖಾಲಿ ಇದ್ದಾಗಲೇ 2,700 ಕಿಲೋ ಮೀರುತ್ತದೆ.

ಇಷ್ಟು ಹೇಳಿದ ಮೇಲೆ ನಿಮ್ಮಿಂದ ಬರಬಹುದಾದ ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಡ್ರ್ಯಾಗ್ ರೇಡಿಯಲ್ ಮೇಲೆ ಡಾಟ್ (ಅಮೆರಿಕದ ಸಾರಿಗೆ ಇಲಾಖೆ) ಮುದ್ರೆ ಇರುತ್ತದಲ್ಲ, ಹಾಗಾದರೆ ರಸ್ತೆಯಲ್ಲಿ ಓಡಿಸಲು ಕಾನೂನಿನ ಅಡ್ಡಿ ಏನು ಎಂಬುದು ಮೊದಲನೆಯದು. ಮುದ್ರೆ ಇರುವುದು ನಿಜ. ಆದರೆ ಆ ಮುದ್ರೆ ಹೇಳುವುದು ಟೈರ್ ಕನಿಷ್ಠ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆಂದು ತಯಾರಕರು ಘೋಷಿಸಿದ್ದಾರೆ ಎಂದಷ್ಟೇ; ಮಳೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂಬ ಭರವಸೆ ಅದರಲ್ಲಿಲ್ಲ. ನಾಸಾದವರು ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಸೂತ್ರವೊಂದಿದೆ: ನೀರು ಟ್ರೆಡ್ಡಿನ ಆಳವನ್ನು ಮೀರಿ ನಿಂತಾಗ, ಗಾಳಿಯ ಪಿಎಸ್‌ಐನ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ಟೈರ್ ನೀರಿನ ಮೇಲೆ ತೇಲುವ ವೇಗ ಮೈಲಿಯಲ್ಲಿ ಸಿಗುತ್ತದೆ. 35 ಪಿಎಸ್‌ಐಗೆ ಅದು 61 ಮೈಲಿ. ಡ್ರ್ಯಾಗ್ ಪಟ್ಟಿಗೆಂದು ಗಾಳಿಯನ್ನು 20ಕ್ಕೆ ಇಳಿಸಿ ಹಾಗೇ ಮನೆಗೆ ಹೊರಟರೆ 46 ಮೈಲಿ. ಆಳವಿಲ್ಲದ ಗೀರುಗಳ ಡ್ರ್ಯಾಗ್ ರೇಡಿಯಲ್ಲಿಗೆ ಈ ಸ್ಥಿತಿ ಬೇಗ ಒದಗುತ್ತದೆ. ಅದೂ ಹಿಂದಿನ ಚಕ್ರಗಳಲ್ಲಿ. ಮುಂದಿನವು ಹಿಡಿದಿರುವಾಗಲೇ ಹಿಂದಿನವು ತೇಲಿದರೆ ಟ್ರಕ್ಕು ಸುತ್ತಿ ತಿರುಗುತ್ತದೆ. ಡ್ರ್ಯಾಗ್ ಪಟ್ಟಿಗೆ ಹೋಗುವವರು ಆ ಟೈರುಗಳನ್ನು ಬೇರೆ ರಿಮ್ಮಿನ ಮೇಲೆ ಹಾಕಿಸಿ, ತೊಟ್ಟಿಯಲ್ಲಿ ಹೇರಿಕೊಂಡು ಹೋಗಿ, ಅಲ್ಲೇ ಬದಲಿಸಿಕೊಳ್ಳಬಹುದು. ಪಿಕಪ್ ಇಟ್ಟುಕೊಂಡವರಿಗೆ ಆ ಅನುಕೂಲ ಹೇಗೂ ಇದೆ.

ವಾರಾಂತ್ಯದಲ್ಲಿ, ಬಿಸಿಲಿನಲ್ಲಿ ಮಾತ್ರ ಓಡಿಸುತ್ತೇವೆ ಎನ್ನುವವರೂ ಇದ್ದೀರಿ. ಅಂಥವರ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಟ್ರೆಡ್ ಹೊಸದರಂತೆ ಕಾಣುತ್ತದೆ, ಒಳಗೆ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. 2013ರ ನವೆಂಬರಿನಲ್ಲಿ ನಟ ಪಾಲ್ ವಾಕರ್ ಸತ್ತ ಅಪಘಾತಕ್ಕೆ ಅತಿವೇಗವೇ ಕಾರಣವೆಂದು ತನಿಖೆ ಹೇಳಿತು. ಅದರ ಜೊತೆಗೆ ಆ ಪೋರ್ಷೆಯ ಟೈರುಗಳಿಗೆ ಒಂಬತ್ತು ವರ್ಷ ದಾಟಿತ್ತು, ಅದರಿಂದ ಕಾರಿನ ಹಿಡಿತ ಕೆಟ್ಟಿರಬಹುದು ಎಂದೂ ದಾಖಲಿಸಿತು. ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರ. ಆರು ವರ್ಷವಾದರೆ ಸವೆಯದಿದ್ದರೂ ಬದಲಿಸಿ ಎನ್ನುವುದು ಫೋರ್ಡ್ ಕಂಪನಿಯ ಸಲಹೆ. ಲೈಟ್ನಿಂಗ್‌ನ ಅಳತೆಯಲ್ಲಿ ಆಯ್ಕೆ ಕಡಿಮೆ ಇರುವುದರಿಂದ ಎಲ್ಲೋ ಗೋದಾಮಿನಲ್ಲಿ ಉಳಿದ ಹಳೆಯ ಸರಕು ಕೈಗೆ ಬರುವ ಸಾಧ್ಯತೆಯನ್ನು ಮರೆಯಬೇಡಿ.

ಅಳತೆಯೇ ಸಿಗದಿದ್ದರೆ ಏನು ಮಾಡುವುದು ಎಂಬುದು ನ್ಯಾಯವಾದ ಕಷ್ಟ. ಇದಕ್ಕೆ ದಾರಿ, ಬೇರೆ ಅಳತೆಯ ಟೈರ್, ಬೇಕಿದ್ದರೆ ಬೇರೆ ಅಗಲದ ಅಥವಾ ಬೇರೆ ವ್ಯಾಸದ ರಿಮ್. ಟೈರಿನ ಒಟ್ಟು ವ್ಯಾಸ ಮೂಲಕ್ಕಿಂತ ಶೇ 3ರಷ್ಟರೊಳಗೇ ಇರಲಿ, ಭಾರದ ಮಿತಿ ಮೂಲಕ್ಕಿಂತ ಇಳಿಯದಿರಲಿ. ಉದಾಹರಣೆಗೆ 285/50ಆರ್18ರ ವ್ಯಾಸ ಮೂಲಕ್ಕಿಂತ ಶೇ 2.7ರಷ್ಟು ಹೆಚ್ಚು, ಸ್ಪೀಡೋಮೀಟರ್ ಅಷ್ಟರಮಟ್ಟಿಗೆ ಕಡಿಮೆ ತೋರಿಸುತ್ತದೆ, ಗಾಲಿಯ ಕಮಾನಿಗೆ ಉಜ್ಜುತ್ತದೆಯೇ ಎಂದು ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನೋಡಬೇಕು. ಈಗಿನ ಗಾಡಿಯಲ್ಲಿ ಸ್ಥಿರತೆ ಕಾಯುವ ಇಎಸ್‌ಸಿ ಇದೆ, ಅದು ನೋಡಿಕೊಳ್ಳುತ್ತದೆ ಎನ್ನುವವರಿಗೂ ಒಂದು ಮಾತು. ಅಮೆರಿಕದಲ್ಲಿ ಅದು ಎಲ್ಲ ಹೊಸ ಲಘು ವಾಹನಗಳಿಗೂ ಕಡ್ಡಾಯವಾದದ್ದು 2012ರ ಮಾದರಿಯಿಂದ. ಹಳೆಯ ಪಿಕಪ್‌ಗಳಲ್ಲಿ ಅದನ್ನು ನೆಚ್ಚುವಂತಿಲ್ಲ. ಇರುವ ಗಾಡಿಯಲ್ಲೂ ಅದು ಟೈರ್ ಕೊಡುವ ಹಿಡಿತವನ್ನು ಹಂಚಬಲ್ಲದೇ ಹೊರತು ಹೊಸದಾಗಿ ಹುಟ್ಟಿಸಲಾರದು. ಮೆತ್ತನೆಯ ಟೈರ್ ಬೇಗ ಸವೆಯುತ್ತದೆ, ಚಳಿಗಾಲಕ್ಕೆ ಇನ್ನೊಂದು ಜೊತೆ ಬೇರೆ ಬೇಕು, ಖರ್ಚು ಎರಡರಷ್ಟಾಯಿತಲ್ಲ ಎಂಬ ದೂರೂ ಅರ್ಧ ನಿಜ. ಎರಡು ಜೊತೆ ಇದ್ದಾಗ ಒಂದು ಓಡುವಾಗ ಇನ್ನೊಂದು ಸವೆಯುವುದಿಲ್ಲ. ಮೊದಲಿಗೆ ಕೈಬಿಡುವ ದುಡ್ಡು ಹೆಚ್ಚಾದರೂ ಟೈರಿನ ಮೈಲಿಗಳು ಪೋಲಾಗುವುದಿಲ್ಲ. ಸೂಪರ್‌ಚಾರ್ಜರಿನ ಪುಲ್ಲಿ ಬದಲಿಸಿ ಇನ್ನಷ್ಟು ಶಕ್ತಿ ತೆಗೆಯಲು ಇಟ್ಟಿರುವ ಹಣವಿದ್ದರೆ ಅದನ್ನು ಇಲ್ಲಿಗೆ ತಿರುಗಿಸಿ. ಈಗಿರುವ ಶಕ್ತಿಯನ್ನೇ ಮೊದಲ ಗೇರಿನಲ್ಲಿ ರಸ್ತೆ ತಾಳುತ್ತಿಲ್ಲವೆಂದು ಮೇಲಿನ ಲೆಕ್ಕ ತೋರಿಸಿದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಟೈರ್ ಕೊಳ್ಳುವ ಮುನ್ನ ಬಾಗಿಲಿನ ಚೀಟಿಯ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಕಾರಿನ ಟೈರಾದರೆ ಅದರ ಭಾರದ ಮಿತಿಯನ್ನು 1.10ರಿಂದ ಭಾಗಿಸಿ ನೋಡಿ, ವೇಗದ ಅಕ್ಷರ ನೋಡಿ, ತಯಾರಾದ ವಾರ ನೋಡಿ. ಅದಾದ ಮೇಲೆ ಒದ್ದೆ ರಸ್ತೆಯಲ್ಲಿ ಚೆನ್ನಾಗಿ ನಿಲ್ಲುವ ಸಮ್ಮರ್ ಟೈರನ್ನು ನಾಲ್ಕೂ ಚಕ್ರಗಳಿಗೆ ಹಾಕಿಸಿ. ಚಳಿಯ ರಾಜ್ಯದವರು ಇನ್ನೊಂದು ಜೊತೆ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಟೈರ್ ತಣ್ಣಗಿರುವಾಗ ಗಾಳಿ ಅಳೆಯಿರಿ. ಹೊಸದಾಗಿ ಇಂಥ ಪಿಕಪ್ ಕೊಂಡ ಗೆಳೆಯರು ನಿಮ್ಮನ್ನು ಅತ್ಯಂತ ಅಂಟಿನ ಟೈರ್ ಯಾವುದೆಂದು ಕೇಳಿದಾಗ ಬ್ರ್ಯಾಂಡಿನ ಹೆಸರು ಹೇಳಿ ಕಳಿಸಬೇಡಿ. ನಿಮ್ಮೂರಿನ ಚಳಿ ಎಷ್ಟು, ತೊಟ್ಟಿಯಲ್ಲಿ ಏನು ಹೇರುತ್ತೀರಿ, ಮಳೆಯಲ್ಲಿ ಓಡಿಸುತ್ತೀರಾ ಎಂದು ತಿರುಗಿ ಕೇಳಿ. ರಸ್ತೆಯಲ್ಲಿ ನಿಮ್ಮ ಪಕ್ಕದ ಲೇನಿನಲ್ಲಿ ಬೇರೆಯವರ ಮಕ್ಕಳೂ ಹೋಗುತ್ತಿರುತ್ತಾರೆ. ಎರಡು ಟನ್ನಿನ ಗಾಡಿಗೆ ಸ್ಪೋರ್ಟ್ಸ್ ಕಾರಿನ ವೇಗ ಕೊಟ್ಟವರ ಮೇಲೆ ಅದನ್ನು ನಿಲ್ಲಿಸುವ ಹೊಣೆಯೂ ಇದೆ, ಆ ಹೊಣೆ ಹೊರಲು ಸರಿಯಾದ ಟೈರಿನಷ್ಟು ಅಗ್ಗದ ದಾರಿ ಇನ್ನೊಂದಿಲ್ಲ.

ಇಂತಿ,
ನಿಮ್ಮ ಕ್ಷೇಮ ಬಯಸುವ ಒಬ್ಬ ಕನ್ನಡಿಗ